ಗಂಟಿಲ್ಲದ ಹೊಲಿಗೆ

ಹೊಸದುರ್ಗ
17 ಫೆಬ್ರವರಿ 2026

ಪ್ರೀತಿಯ ತಂಗಿ ಅನುಸೂಯಾ,

ಹಾಲೇಶನಿಗೆ ಹರಾಜಿನಲ್ಲಿ ಸಿಕ್ಕ ಒಂದು ಬಂಗಾರದ ಬಣ್ಣದ ಹಾಳೆ ಏನೆಂದು ನಿನ್ನೆ ಖಚಿತವಾಯಿತು. ಅದು ಉಪಗ್ರಹಕ್ಕೆ ಹೊದಿಸುವ ಹೊದಿಕೆಯ ತುಂಡು. ಹೊಲಿದವಳು ನೀನು. ಹೀಗೆಂದು ತಿಳಿಸಿದವರು ನಿನ್ನ ಜೊತೆ ಒಂದೇ ಮೇಜಿನಲ್ಲಿ ಕೂತು ಹೊಲಿಯುತ್ತಿದ್ದ ಹಿರಿಯೂರಿನ ಯಶೋಧಾ. ಸುದ್ದಿ ಮೊದಲು ಬರೆದು ಕ್ಷೇಮ ಆಮೇಲೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮೂವತ್ತು ವರ್ಷ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸಿದವನ ಚಟ ಇದು. ಮೊಣಕಾಲು ಹೇಗಿದೆ? ತುಮಕೂರಿನಲ್ಲಿ ಮಗಳು ದಿನಾ ನಡೆಸುತ್ತಿದ್ದಾಳೆಯೇ, ಇಲ್ಲ ನೀನು ನೆಪ ಹೇಳಿ ಕೂರುತ್ತೀಯಾ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ನಿನ್ನ ಅತ್ತಿಗೆ ಚಂದ್ರಕ್ಕ ಹೊಸ ಕನ್ನಡಕ ಮಾಡಿಸಿದ್ದಾಳೆ. ಈ ಪತ್ರಕ್ಕೆ ಆ ಕನ್ನಡಕವೇ ಕಾರಣ.

ಚಂದ್ರಕ್ಕನ ತಮ್ಮನ ಮಗ ಹಾಲೇಶ್ ಹೊಳಲ್ಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವುದು ನಿನಗೆ ಗೊತ್ತು. ಕೆಲಸ ಮುಗಿಸಿದ ಅಂತರಿಕ್ಷ ನೌಕೆಗಳ ಬಿಡಿಭಾಗ ಕೂಡಿಡುವುದು ಅವನ ಹುಚ್ಚು. ಪ್ರತಿಯೊಂದಕ್ಕೂ ಒಂದು ಕಾರ್ಡು: ಏನಿದು, ಯಾವುದರದು, ಮಾಡಿದವರು ಯಾರು. ಮೂರೂ ಸಾಲು ತುಂಬದೆ ಯಾವುದನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಈ ಹಾಳೆ ಬೆಂಗಳೂರಿನ ಹಳೆ ಸಾಮಾನಿನ ಹರಾಜಿನಲ್ಲಿ ಸಿಕ್ಕಿದ್ದು, ಅಂಟಿಸಿದ್ದ ಚೀಟಿ ಅರ್ಧ ಹರಿದಿತ್ತು. ಅವನು ಫೋಟೊ ಹಾಕಿದ್ದಕ್ಕೆ ಅವನಂಥ ಸಂಗ್ರಹಕಾರರಲ್ಲಿ ಒಬ್ಬ ರಾಕೆಟ್ಟಿನದು ಎಂದನಂತೆ, ಇನ್ನೊಬ್ಬ ಮದುವೆ ಮಂಟಪದ್ದು ಎಂದನಂತೆ. ಹೋದ ತಿಂಗಳು ಅದನ್ನು ಸೀರೆ ಡಬ್ಬಿಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದ. ಅಂಚು ಬಿಡಿಸಿ ಎಣಿಸಿದೆವು: ಹನ್ನೆರಡು ಪದರ, ನಡುನಡುವೆ ಸೊಳ್ಳೆ ಪರದೆಯಂಥ ಜಾಲರಿ.

ಚಂದ್ರಕ್ಕ ಒಲೆ ಆರಿಸಿ ಬಂದು ಅಂಚನ್ನು ಕಣ್ಣಿಗೆ ಹಿಡಿದಳು. "ಗಂಟೇ ಇಲ್ವಲ್ಲೋ ಹಾಲೇಶ, ದಾರ ಮೂರು ಹೊಲಿಗೆ ಹಿಂದಕ್ಕೆ ಹೋಗಿ ಒಳಗೆ ಸೇರ್ಕಂಡೈತೆ" ಎಂದಳು. "ಅದ್ರಾಗೇನೈತತ್ತೆ?" ಎಂದ ಅವನು. ಅವಳು ಟ್ರಂಕು ತೆಗೆದು ಅವ್ವ ಹೊಲಿದ ಕೌದಿ ತಂದು ಪಕ್ಕದಲ್ಲಿ ಹಾಸಿದಳು. ಮೂರು ಹೊಲಿಗೆ ಹಿಂದಕ್ಕೆ, ಒಂದು ಅಡ್ಡ, ತುದಿ ಒಳಕ್ಕೆ. ಎರಡೂ ಒಂದೇ. ಅವ್ವ ಏಕನಾಥಮ್ಮ ನಿನಗೆ ಕಲಿಸುವಾಗ ಹೇಳುತ್ತಿದ್ದುದು ನೆನಪಿದೆಯಾ? "ಗಂಟು ಹಾಕಬ್ಯಾಡ ಮಗಳೆ, ಮಲಗಿದ ಕೂಸಿಗೆ ಚುಚ್ಚತೈತೆ."

ಇದು ನಿನ್ನದೇ ಕೈ ಎಂದು ನನಗೂ ಅನ್ನಿಸಿತು. ಆದರೂ ಒಂದೇ ಕಡೆಯ ಮಾತು ಸಾಲದು. ನಿನಗೇ ಫೋನು ಮಾಡಬಹುದಿತ್ತು, ಕೇಳುವ ಮುಖ ನನಗಿರಲಿಲ್ಲ. ನಿನ್ನ ನಿವೃತ್ತಿಯ ಫೋಟೊದ ಹಿಂದೆ ಹೆಸರುಗಳಿದ್ದವು. ಅದರಿಂದ ಯಶೋಧಾ ಅವರನ್ನು ಹುಡುಕಿ ನಿನ್ನೆ ಹಿರಿಯೂರಿಗೆ ಹೋದೆ. ಅವರು ಹಾಳೆ ನೋಡಿ ನಕ್ಕೇಬಿಟ್ಟರು. "ಇದು ಅನುಸೂಯಂದೇ ಕಣ್ರಿ. ನಾಲ್ಕು ಜನ ಹೊಲಿತಿದ್ವಿ, ಗಂಟು ಹಾಕದೆ ಹೊಲಿಯೋಳು ಇವಳೊಬ್ಳೇ. ಸಾಹೇಬ್ರು ಮೊದ್ಲು ಬೈದ್ರು. ಆಮ್ಯಾಲೆ ಗಂಟಿದ್ದಲ್ಲಿ ಪದರ ಒತ್ಕಂತವೆ, ಶಾಖ ನುಗ್ಗತೈತೆ ಅಂತ ನಮಗೂ ಹಿಂಗೇ ಹೊಲೀರಿ ಅಂದ್ರು. ಇದು ಅದಕ್ಕೂ ಮುಂಚಿಂದು" ಎಂದರು. ಹರಿದ ಚೀಟಿಯ ಅಂಕಿಯನ್ನೂ ಗುರುತಿಸಿದರು. ಮೇಲೆ ಹಾರಿದ ಉಪಗ್ರಹದ್ದಲ್ಲ. ನೆಲದಲ್ಲೇ ಬಿಸಿ, ಚಳಿ ಎಲ್ಲ ತಡೆದು ಪರೀಕ್ಷೆ ಕೊಟ್ಟು, ನೆಲದಲ್ಲೇ ನಿವೃತ್ತಿಯಾದ ಮಾದರಿಯದು.

ಅನುಸೂಯಾ, 1996ರ ಯುಗಾದಿಯ ಊಟದ ಹೊತ್ತು ನಾನು ಮರೆತಿಲ್ಲ. ಉಪಗ್ರಹಕ್ಕೆ ಹೊದಿಕೆ ಹೊಲಿಯುತ್ತೇನೆ ಎಂದೆ ನೀನು. ಪಕ್ಕದ ಮನೆ ಜಂಪಣ್ಣ ಹೋಳಿಗೆ ಬಾಯಲ್ಲಿಟ್ಟುಕೊಂಡೇ, "ಏನವ್ವ, ಮ್ಯಾಲೆ ಅಷ್ಟೊಂದು ಚಳಿ ಐತಾ? ನಮ್ಮದೊಂದು ಕಂಬ್ಳೀನೂ ಕಳಿಸಾಣ" ಎಂದ. ಎಲ್ಲರೂ ನಕ್ಕರು. ಅವ್ವ ನನ್ನ ಕಡೆ ನೋಡಿ, "ನಿನ್ನ ಪೇಪರ್‌ನಾಗೆ ಇದ್ನ ಹಾಕ್ಸೋ ಚಿತ್ರಲಿಂಗಾ" ಎಂದಳು. "ಆಧಾರ ಇಲ್ಲದ್ದು ನಾನು ಬರೆಯಲ್ಲವ್ವ" ಎಂದು ನಾನೂ ನಕ್ಕೆ. ಆಮೇಲೆ ನೀನು ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿ ದುಡಿದೆ, ನಿವೃತ್ತಳಾದೆ. ನಮ್ಮ ಮನೆಯಲ್ಲಿ ಮಾತ್ರ ಕೆಲಸದ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆಧಾರ ಬೇಕಿದ್ದರೆ ಹುಡುಕುವುದು ವರದಿಗಾರನ ಕೆಲಸ. ಊರವರ ಮೋರಿ, ಬಸ್ಸು, ಬೀದಿದೀಪಕ್ಕೆಲ್ಲ ಓಡಾಡಿದವನು ತಂಗಿಯ ವಿಷಯಕ್ಕೆ ಎದ್ದು ಬೆಂಗಳೂರಿನ ಬಸ್ಸು ಹತ್ತಲಿಲ್ಲ. ತಪ್ಪು ನನ್ನದು.

ನಿನ್ನೆಯಿಂದ ಮನೆಯಲ್ಲಿ ಹಬ್ಬದ ಕಳೆ. ಚಂದ್ರಕ್ಕ ಕೌದಿಯನ್ನು ಬಿಸಿಲಿಗೆ ಹಾಕಿ, ಬಂದವರಿಗೆಲ್ಲ ಅದರ ಮೂಲೆ ತೋರಿಸುತ್ತಿದ್ದಾಳೆ. ಜಂಪಣ್ಣನಿಗೆ ಈಗ ಎಂಬತ್ತೆರಡು, ಅವನೂ ಕೋಲೂರಿಕೊಂಡು ಬಂದು ನೋಡಿ, "ಹಂಗಾರೆ ಕಂಬ್ಳಿ ಕಳಿಸದಿದ್ದದ್ದೇ ಒಳ್ಳೇದಾತು, ಅದ್ರಾಗೆ ಬರೀ ಗಂಟು" ಎಂದು ಹೋದ.

ಮಗಳಿಗೆ, ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಕಾಲಿನ ಮೇಲೆ ನಿಗಾ ಇರಲಿ.

ನಿನ್ನ ಅಣ್ಣ,
ಚಿತ್ರಲಿಂಗಪ್ಪ

ಮರೆತಿದ್ದೆ: ವಿಜ್ಞಾನ ದಿನಕ್ಕೆ ಹಾಲೇಶ್ ಕಾಲೇಜಿನಲ್ಲಿ ಪ್ರದರ್ಶನ ಇಟ್ಟಿದ್ದಾನೆ. ಕಾರ್ಡಿನ ಎರಡು ಸಾಲು ನಾನೇ ಬರೆದೆ. ಮೂರನೆಯದು, ಮಾಡಿದವರ ಹೆಸರಿನದು, ಖಾಲಿ ಇದೆ. ಅದನ್ನು ನೀನೇ ಬಂದು ನಿನ್ನ ಕೈಯಲ್ಲಿ ಬರೆಯಬೇಕು. ಬರೆಯುವವರೆಗೆ ಹೊದಿಕೆ ಗಾಜಿನೊಳಗೆ ಹೋಗುವುದಿಲ್ಲ. 27ರ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹಾಲೇಶನ ಕಾರು ನಿನ್ನ ಮನೆ ಮುಂದೆ ಬರುತ್ತದೆ. ಪ್ರದರ್ಶನ 28ರ ಶನಿವಾರ ಹತ್ತೂವರೆಗೆ ಶುರು.