ಬಚ್ಚಲಿಗೆ ಹೋದ ಶಂಖ

ಸೂಫ್ರಿಯೇರ್, ಡೊಮಿನಿಕಾ ದ್ವೀಪ
ಮಂಗಳವಾರ

ಇಂಗ್ರಿಡ್,

ನೀನು ಕಳಿಸಿದ ಫೋಟೊ ತಲುಪಿತು. ನಮ್ಮ ಶಂಖ ನಿನ್ನ ಬಚ್ಚಲಲ್ಲಿ ಸೋಪು ಹೊತ್ತು ಕೂತಿದೆ. ‘ನಿಮ್ಮ ಹೊಸ್ತಿಲ ಬಳಿ ಬಿದ್ದಿತ್ತು, ನೆನಪಿಗೆಂದು ತಂದೆ. ತುದಿ ಒಡೆದಿತ್ತು, ಗಾರೆ ತುಂಬಿಸಿ ಸರಿ ಮಾಡಿಸಿದೆ’ ಎಂದು ಬೇರೆ ಬರೆದಿದ್ದೀಯ.

ಅದು ಒಡೆದದ್ದಲ್ಲ. ಊದುವುದಕ್ಕೆಂದು ನನ್ನ ಅಪ್ಪ ಕೊಯ್ದದ್ದು. ದೋಣಿ ಬಂತು, ಮೀನಿಗೆ ಬನ್ನಿ ಎಂದು ನನ್ನ ಗಂಡ ಆಲ್ಫರ್ಡ್ ದಿನವೂ ಅದನ್ನೇ ಊದುತ್ತಿದ್ದ. ನಮ್ಮೂರ ಮಕ್ಕಳಿಗೆ ಪಾಠ ಹೇಳಲು ಬಂದ ಸ್ವಯಂಸೇವಕಿ ನೀನು. ವರ್ಷವಿಡೀ ನನ್ನ ಮನೆಯಲ್ಲಿದ್ದು ಆ ಮೀನು ತಿಂದೆ. ಕೂಗುತ್ತಿರುವುದು ಏನು ಎಂದು ಒಂದು ದಿನವೂ ಕೇಳಲಿಲ್ಲ.

ಹುಡುಕಿ ಸಾಕಾಗಿ ಶುಕ್ರವಾರ ಹೊಸ ಶಂಖ ಊದಿದೆವು. ಒಬ್ಬರೂ ಬರಲಿಲ್ಲ. ಮೀನೆಲ್ಲ ಬಿಸಿಲಿಗೆ ಕೆಟ್ಟಿತು. “ನಿಮ್ಮ ಶಂಖದ ದನಿ ನಂಗೊತ್ತಿಲ್ವೇನೇ? ಇದ್ಯಾವ್ದೋ ಬೇರೆ ಊರಿನ ದೋಣಿ ಅಂದ್ಕೊಂಡೆ” ಎಂದಳು ಪಕ್ಕದ ಮನೆಯ ಕ್ಲೋಟಿಲ್.

ಗಾರೆ ನೀನು ಕೆರೆಯಬೇಡ, ಆಲ್ಫರ್ಡ್ ಕೆರೆಯುತ್ತಾನೆ. ಸೋಪು ತೆಗೆದು, ಬಟ್ಟೆ ಸುತ್ತಿ ಕಳಿಸು, ಸಾಕು.

ಅದು ಬಂದ ದಿನ ದಡದಲ್ಲಿ ನಿಂತು ಊದುತ್ತೇವೆ. ಕರೆಯುವುದು ಊರನ್ನು, ನಿನ್ನನ್ನಲ್ಲ.

ನೀನು ‘ಅಮ್ಮ’ ಎನ್ನುತ್ತಿದ್ದ
ಯೂಲಾಲಿ