ಒಲೆ ಮುಂದಿನ ಕಲ್ಲು

ಕೆಂಪೀ,

ಇವತ್ತು ನೀನು ತವರಿಂದ ಬರೋ ಹೊತ್ತಿಗೆ ನಾನಿರಲ್ಲ, ಕುಣಿಗಲ್ ಕೆಲಸಕ್ಕೆ ಮೊದಲನೇ ಬಸ್ಸಿಗೇ ಹೊರಟೆ. ಅಡುಗೆಮನೆಗೆ ನಾನು ಕುಯ್ದು ಹಾಸಿದ ಕಡಪ ಕಲ್ಲಿಗೆ ಎಣ್ಣೆ ಬಳಿಯೋ ಮುಂಚೆನೇ ಅವ್ವ ನಿನ್ನೆ, ಶುಕ್ರವಾರ ಅಂತ, ಸಗಣಿ ಸಾರಿಸಿಬಿಟ್ಟವ್ಳೆ. ಆ ಕಲೆ ಉಜ್ಜೀ ಉಜ್ಜೀ ನನ್ನ ರಟ್ಟೆ ಬಿದ್ದೋಯ್ತು.

ಈಗ ಎಣ್ಣೆ ಬಳಿದಿದೀನಿ. ಕಲ್ಲು ಅದನ್ನ ಕುಡಿಯೋಕೆ ಸಂಜೆ ಆಗುತ್ತೆ, ಅಲ್ಲೀಗಂಟ ಯಾರೂ ಕಾಲಿಡಬೇಡಿ. ಸೀಮೆಎಣ್ಣೆ ಸ್ಟೌ ಹಿತ್ತಲಲ್ಲಿಟ್ಟಿದೀನಿ, ಅಡುಗೆ ಅಲ್ಲೇ ಮಾಡು.

ಅವ್ವಂಗೆ ನೀನೂ ಬೈಬೇಡ ಕಣೇ, ನಾನು ಬೈದಿದ್ದೇ ಸಾಕು. "ಸಾರಿಸ್ದಿದ್ರೆ ಇದು ನನ್ ಮನೆ ಅನ್ಸಲ್ಲ ಕಣ್ಲಾ" ಅಂತ ಒಂದೇ ಮಾತು ಅಂದು, ಉಣ್ಣದೆ ಮಲಗಿದ್ಲು.

ಒಲೆ ಮುಂದೆ, ಅವಳು ಕೂರೋ ಕಡೆ, ಒಂದು ಕಲ್ಲು ಕಿತ್ತು ಮಣ್ಣು ತುಂಬಿದೀನಿ. ಮುಂದಿನ ಶುಕ್ರವಾರ ಅಷ್ಟು ಜಾಗ ಸಾರಿಸ್ಕೊಳ್ಲಿ. ಕೇಳಿದ್ರೆ, ಕಲ್ಲು ಬಿರುಕು ಬಿಟ್ಟಿತ್ತಂತೆ ಅನ್ನು.

ಚೌಡಣ್ಣ