ಹಿಂದಿನ ಅಂಗಳದ ಆಂಬುಲೆನ್ಸುಗಳು

ಸೇನಾ ಉಗ್ರಾಣ, ಎರಡನೇ ಗೇಟು
ಸೋಮವಾರ, ಊಟದ ವಿರಾಮ

ನಮ್ಮವರಿಗೆ,

ಮೂರು ವರ್ಷವಾದ ಮೇಲೂ ಹೀಗೆ ಕರೆಯಬಹುದೋ ಇಲ್ಲವೋ ಎಂದು ಯೋಚಿಸುತ್ತ ಕೂರಲಿಲ್ಲ. ಬೇರೆ ಹೆಸರು ಬಾಯಿಗೆ ರೂಢಿಯಿಲ್ಲ. ನೀವು ನಿಮ್ಮಣ್ಣನ ಬಸ್ ಗ್ಯಾರೇಜಿನಲ್ಲಿ ಗಟ್ಟಿಮುಟ್ಟಾಗಿದ್ದೀರಿ ಎಂದು ಓರಗಿತ್ತಿ ತಿಳಿಸಿದ್ದಾರೆ.

ಯುದ್ಧ ಮುಗಿದು ಎಂಟು ತಿಂಗಳು. ಈ ತಿಂಗಳ ಕೊನೆಗೆ ನಮ್ಮ ಉಗ್ರಾಣ ಮುಚ್ಚುತ್ತದೆ. ಒಳಗಿರುವುದನ್ನೆಲ್ಲ ವಿಲೇವಾರಿ ಮಾಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಕ್ರಮ ಸರಳ: ಮೊದಲು ಬೇರೆ ಇಲಾಖೆಗಳನ್ನು ಕೇಳಬೇಕು, ಅವರಿಗೆ ಬೇಡವಾದದ್ದು ಹರಾಜಿಗೆ, ಕೆಟ್ಟು ಹೋದದ್ದು ಗುಜರಿಗೆ. ಕಂಬಳಿಗಳು ಅನಾಥಾಲಯಕ್ಕೆ ಹೋದವು, ಡೇರೆಗಳು ಶಾಲೆಗಳಿಗೆ. ಬರೀ ಎಡಗಾಲಿನ ಬೂಟು ತುಂಬಿದ ಪೆಟ್ಟಿಗೆಯೊಂದು ಸಿಕ್ಕಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತೊಡಕು ಬಂದದ್ದು ಶುಕ್ರವಾರ. ಹಿಂದಿನ ಅಂಗಳದಲ್ಲಿ ಮೂವತ್ತನಾಲ್ಕು ಆಂಬುಲೆನ್ಸು ನಿಂತಿದ್ದವು. ಪಟ್ಟಿಯಲ್ಲಿ ಅಷ್ಟೂ ‘ಸ್ಟಾರ್ಟ್ ಆಗುವುದಿಲ್ಲ, ಗುಜರಿ’ ಎಂದಿತ್ತು. ಗುಜರಿ ಗುತ್ತಿಗೆದಾರ ಲಾರಿ ಸಮೇತ ಬಂದಿಳಿದಿದ್ದ. ನನ್ನದೊಂದು ಸಹಿ ಬಾಕಿ. ಬಾನೆಟ್ ಎತ್ತಿ ನೋಡಿದರೆ ಒಂದರಲ್ಲೂ ಬ್ಯಾಟರಿಯಿಲ್ಲ! ಮೂಗು ಮುಚ್ಚಿ ಹಿಡಿದು ಉಸಿರಾಡುತ್ತಿಲ್ಲ ಎಂದ ಹಾಗಾಯಿತು.

ನಮ್ಮ ದೊಡ್ಡ ಸಾಹೇಬರು ಪಕ್ಕಕ್ಕೆ ಕರೆದರು. "ಸಹಿ ಹಾಕಿಬಿಡಮ್ಮ. ನಿನ್ನ ಮುಂದಿನ ಪೋಸ್ಟಿಂಗ್ ಬರೆಯೋನು ನಾನೇ ತಾನೆ?"

ಮೂರು ವರ್ಷದ ಹಿಂದೆ ಇಲ್ಲಿಯ ವರ್ಕ್‌ಶಾಪಿನಲ್ಲಿ ನಿಮಗೂ ಹೀಗೇ ಹೇಳಿದ್ದರು. ಹೊಸ ಬಿಡಿಭಾಗ ಅವರ ಕಾರಿಗೆ ಹಾಕಿ, ಆಂಬುಲೆನ್ಸಿಗೆ ಸವೆದದ್ದನ್ನು ಜೋಡಿಸಿ, ಸರಿಯಿದೆ ಎಂದು ಬರೆದುಕೊಡಿ ಅಂದಾಗ ನೀವು ಸ್ಪ್ಯಾನರ್ ಮೇಜಿನ ಮೇಲಿಟ್ಟು ಹೊರಬಂದಿರಿ. ನಾನು ಮನೆ ಬಾಗಿಲಲ್ಲಿ ಅಡ್ಡ ನಿಂತು, "ಒಂದು ಸಹಿಗೋಸ್ಕರ ಬೀದಿಗೆ ಬೀಳೋಣ್ವಾ?" ಎಂದೆ. ನೀವು ಹೋದಿರಿ, ನಾನು ಕ್ವಾರ್ಟರ್ಸಿನಲ್ಲೇ ಉಳಿದೆ. ತಪ್ಪು ನನ್ನದು. ಹೇಳಲು ಇಷ್ಟು ವರ್ಷ ಹಿಡಿಯಿತು, ಈಗ ಹೇಳಿದ್ದಾಯಿತು.

ಈ ಸಲ ಪೆನ್ನಿನ ಮುಚ್ಚಳ ಹಾಕಿದೆ. "ಸಾರ್, ಗುಜರಿಗೆ ಹಾಕೋ ಮೊದಲು ಸ್ಟಾರ್ಟ್ ಮಾಡಿ ನೋಡ್ಬೇಕು ಅಂತ ನಿಯಮ ಇದೆ. ನಾನೇ ನೋಡ್ತೀನಿ."

ಗುತ್ತಿಗೆದಾರ ನಕ್ಕ. "ಕೈಯೆಲ್ಲ ಮಸಿ ಆಗುತ್ತೆ, ಅಕ್ಕಾ."

"ಒರೆಸ್ಕೊಳ್ಳೋಕೆ ನಿಮ್ಮ ಬಿಳಿ ಅಂಗಿ ಇದೆಯಲ್ಲ" ಎಂದೆ.

ಗೇಟಿನ ಕಾವಲುಗಾರ ತನ್ನ ಜೀಪಿನ ಬ್ಯಾಟರಿ ಬಿಚ್ಚಿ ತಂದುಕೊಟ್ಟ. ಜಿಲ್ಲಾಸ್ಪತ್ರೆಗೆ ಫೋನು ಹಚ್ಚಿ, ಬಂದು ನೋಡಿ ಎಂದೆ. ಆಮೇಲೆ ನೀವು ಭಾನುವಾರಗಳಂದು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಮೊದಲನೆಯದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲ್ ಪೈಪಿನ ಕಸ ತೆಗೆದೆ. ಮೂರನೇ ಸಲ ಎಂಜಿನ್ ಗುಡುಗಿದಾಗ ನನಗೇ ಅರಿವಿಲ್ಲದೆ ಕೂಗಿಬಿಟ್ಟೆ. ಸಂಜೆಯೊಳಗೆ ಹತ್ತೊಂಬತ್ತು ಎದ್ದವು.

ಅಷ್ಟರಲ್ಲಿ ಆಸ್ಪತ್ರೆಯ ಹಿರಿಯ ನರ್ಸ್ ಬಂದಿದ್ದರು. ಸಾಹೇಬರ ಎದುರಿಗೇ ನಿಂತು, "ನಮ್ಮಲ್ಲಿರೋದು ಒಂದೇ ಗಾಡಿ, ಸ್ವಾಮಿ. ಬಸುರಿಯರನ್ನ ತರಕಾರಿ ಲಾರೀಲಿ ಹಾಕ್ಕೊಂಡು ಬರ್ತಿದ್ದಾರೆ. ಇವನ್ನ ಕತ್ತರಿಸ್ತೀರಾ?" ಎಂದರು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಆಸ್ಪತ್ರೆಯ ಹೆಸರಿಗೆ ಬರೆದ ಕಾಗದಕ್ಕೆ ಅವರೂ ನಾನೂ ಸಹಿ ಹಾಕಿದೆವು. ಉಳಿದ ಹದಿನೈದು ನಿಜಕ್ಕೂ ಗುಜರಿಯೇ. ಅವನ್ನು ಗುತ್ತಿಗೆದಾರನಿಗೆ ಬಿಟ್ಟೆ.

ಶನಿವಾರ ಬೆಳಿಗ್ಗೆ, ಆಸ್ಪತ್ರೆಯವರು ತಂದ ಬ್ಯಾಟರಿ ಹಾಕಿಕೊಂಡು ಹತ್ತೊಂಬತ್ತೂ ಸಾಲಾಗಿ ಗೇಟು ದಾಟಿದವು. ಕೊನೆಯದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ನೀವೂ ನೋಡಬೇಕಿತ್ತು.

ನಿಮ್ಮ,
ಮಸಿಗೈಯವಳು

ತಾ.ಕ.: ಅಷ್ಟು ಗಾಡಿ ನೋಡಿಕೊಳ್ಳಲು ಆಸ್ಪತ್ರೆಗೆ ಒಳ್ಳೆಯ ಮೆಕ್ಯಾನಿಕ್ ಬೇಕಂತೆ. ನಿಮ್ಮನ್ನು ಕೇಳದೆ ವಿಳಾಸ ಕೊಟ್ಟಿದ್ದೇನೆ. ಇನ್ನೊಂದನ್ನು ಬೇಕೆಂದೇ ಮೇಲೆ ಬರೆಯಲಿಲ್ಲ: ಆ ನರ್ಸಮ್ಮ ನನ್ನನ್ನೂ ಅಲ್ಲಿಯ ಔಷಧಿ ಉಗ್ರಾಣಕ್ಕೆ ಕೇಳಿ ಪಡೆದಿದ್ದಾರೆ. ಒಂದನೇ ತಾರೀಖಿಗೆ ಸೇರುತ್ತೇನೆ. ಅಲ್ಲಿ ಕೊಡುವ ಮನೆಯ ಅರ್ಜಿಯಲ್ಲಿ ‘ವಾಸಿಸುವವರು’ ಎಂಬಲ್ಲಿ ‘ಇಬ್ಬರು’ ಎಂದು ತುಂಬಿದ್ದೇನೆ. ಅದು ಸುಳ್ಳಾಗದಂತೆ ನೋಡಿಕೊಳ್ಳುವುದು ನಿಮಗೆ ಬಿಟ್ಟದ್ದು.